ಹಾಸಿಗೆ ಇದ್ದಷ್ಟು

ಎಲ್ಸ್‌ಡೇಲ್‌ನ ಮೆಥಡಿಸ್ಟ್ ಸಭಾಂಗಣದಲ್ಲಿ
ಗುರುವಾರ ಸಂಜೆ ಏಳಕ್ಕೆ
ತೊಂಬತ್ತಾರು ಕುರ್ಚಿ, ನೂರಾ ನಲವತ್ತು ಜನ.
ನಿಂತವರ ಕೋಟುಗಳಿಂದ ಯಾರ್ಕ್‌ಷೈರಿನ ಮಳೆ ತೊಟ್ಟಿಕ್ಕುತ್ತಿದೆ.
ಮೂಲೆಯಲ್ಲಿ ಚಹದ ಹಂಡೆ ತನ್ನಷ್ಟಕ್ಕೆ ಗೊಣಗುತ್ತಿದೆ.
ನಾನು ನಡಾವಳಿ ಬರೆಯುವವಳು.
ಗಂಟೆಗೆ ಹದಿಮೂರು ಪೌಂಡು.
ಅಭಿಪ್ರಾಯ ಅದರಲ್ಲಿ ಸೇರಿಲ್ಲ.

ವಿಷಯ ಒಂದೇ. ದಿಬ್ಬದ ಮೇಲೆ ಕೌನ್ಸಿಲ್ಲಿನ ಆರೈಕೆ ಮನೆ;
ಆಸ್ಪತ್ರೆ ಸಾಕೆಂದು ಕಳಿಸಿದವರು,
ಮನೆಗೆ ಹೋಗಲು ಇನ್ನೂ ಆಗದವರು
ಮಲಗುವ ಹನ್ನೆರಡು ಹಾಸಿಗೆ.
ಇರಬೇಕೋ, ಬೇಡವೋ.

ನೀಲಿ ಪಕ್ಷದ ಸಟ್‌ಕ್ಲಿಫ್ ಎದ್ದ.
ಬಟ್ಟೆ ನೋಡಿ ಕೋಟು ಕತ್ತರಿಸಬೇಕು, ಎಂದ.
ಅವಸರದಲ್ಲಿ ನನ್ನ ಕೈ ಕನ್ನಡಕ್ಕೆ ಹೊರಳಿ
'ಹಾಸಿಗೆ ಇದ್ದಷ್ಟು ಕಾಲು ಚಾಚು'
ಎಂದು ಬರೆದುಕೊಂಡಿತು.
ಬರೆದ ಮೇಲೆ ನೋಡಿದೆ,
ಏನು ಬರೆದೆ ಅಂತ.

ಕೆಂಪು ಪಕ್ಷದ ನುಸ್ರತ್ ಮೀರ್ ಕಾಯಲಿಲ್ಲ:
ಹದಿನಾಲ್ಕು ವರ್ಷ ಕತ್ತರಿ ನಿಮ್ಮ ಕೈಯಲ್ಲೇ ಇತ್ತಲ್ಲ ಸ್ವಾಮಿ!
ಈಗ ಯಾರ ಕೈಯಲ್ಲಿದೆ ತಾಯಿ?
ಹಿಂದಿನ ಸಾಲಿನಿಂದ ಯಾರೋ.
ಚಪ್ಪಾಳೆ. ಕೆಂಪಿನವರೂ ಕೆಲವರು ತಟ್ಟಿದರು,
ತಟ್ಟಿ, ಕೈಯನ್ನು ಜೇಬಿಗೆ ಇಳಿಸಿಕೊಂಡರು.
ಹಳದಿಯವರು ಒಂದು ನಕ್ಷೆ ಹಂಚಿದರು;
ಅದರ ಕಂಬಗಳಲ್ಲಿ ಅವರದೇ ಎತ್ತರ.
ಹೊಸ ಪಕ್ಷದ ಹುಡುಗ, ಡ್ಯಾರೆನ್ ಪ್ಲಾಟ್ಸ್,
ಹೊರಗಿನಿಂದ ಬಂದವರು ಜಾಸ್ತಿಯಾದರು, ಅದಕ್ಕೇ, ಎಂದು ಶುರುಮಾಡಿ
ನನ್ನ ಕಡೆ ನೋಡಿ
ನಿಮ್ಮನ್ನಲ್ಲ, ಎಂದ.
ಅದನ್ನೂ ಬರೆದೆ. 'ನಿಮ್ಮನ್ನಲ್ಲ.'
ಆಮೇಲೆ ಅಧ್ಯಕ್ಷರು ಹೊಡೆದುಹಾಕಿಸಿದರು.

ಆಗ ಬೆರಿಲ್ ಹೋಲ್ರಾಯ್ಡ್.
ಎಂಬತ್ತೊಂದು. ಓಟು ಬಂದಂದಿನಿಂದ ನೀಲಿಗೇ ಒತ್ತಿದವಳು,
ಹಾಗಂತ ಅವಳೇ ಮೊದಲು ಹೇಳಿದಳು.
ಮೈಕು ಬೇಡ ಎಂದಳು.
"ನಮ್ಮ ಫ್ರೆಡ್ ಆರಡಿ ಐದಿಂಚು.
ಏಳನೇ ಹಾಸಿಗೆ. ಹತ್ತೊಂಬತ್ತು ದಿನ.
ಪಾದ ಎರಡೂ ಆಚೆ ನೇತಾಡುತ್ತಿದ್ದವು.
ನೋಡಿಕೊಳ್ಳುವ ಹುಡುಗಿ ಒಂದು ಕುರ್ಚಿ ತಂದಳು,
ಕುರ್ಚಿಯ ಮೇಲೊಂದು ದಿಂಬು,
ದಿಂಬಿನ ಮೇಲೆ ಅವನ ಪಾದ.
ಮಡಚಿಕೋ ಅಂತ ಯಾರೂ ಅನ್ನಲಿಲ್ಲ."
ಅಷ್ಟೇ. ಕೂತಳು.
ಚೀಲದಲ್ಲಿ ಏನೋ ಹುಡುಕಿದಳು, ಸಿಗಲಿಲ್ಲ.

ಸಟ್‌ಕ್ಲಿಫ್ ಕೆಟ್ಟವನಲ್ಲ.
ಫ್ರೆಡ್‌ನ ಪೆಟ್ಟಿಗೆಗೆ ಹೆಗಲು ಕೊಟ್ಟವನು.
ಮೆಲ್ಲಗೆ ಕೇಳಿದ:
ವರ್ಷಕ್ಕೆ, ಮನೆಯೊಂದಕ್ಕೆ, ತೊಂಬತ್ತು ಪೌಂಡು ಹೆಚ್ಚು ತೆರಿಗೆ.
ಕೊಡುವವರು ಕೈ ಎತ್ತಿ.

ಎಣಿಸುವುದು ನನ್ನ ಕೆಲಸ.
ಮೂವತ್ತೊಂದು.
ನುಸ್ರತ್‌ಳ ಕೈ ಮೇಲೆ. ಅವಳ ಗಂಡನದು ಮೊಣಕಾಲ ಮೇಲೆ.
ಚಪ್ಪಾಳೆ ತಟ್ಟಿದ್ದ ಎಷ್ಟೋ ಕೈಗಳು ಜೇಬಿನ ಬೆಚ್ಚಗೆ ಬಿಡಲೊಲ್ಲವು.
ಡ್ಯಾರೆನ್ ಎತ್ತಿದ, ಅರ್ಧ, ಕಿವಿ ಕೆರೆದುಕೊಳ್ಳುವವನಂತೆ;
ಮೂರನೇ ಹಾಸಿಗೆಯಲ್ಲಿ ಅವನ ಅಜ್ಜಿ ಇದ್ದಾಳಂತೆ, ಆಮೇಲೆ ಗೊತ್ತಾಯಿತು.
ಆ ಅರ್ಧವನ್ನು ಒಂದೆಂದೇ ಎಣಿಸಿದೆ.

ನನ್ನದು?
ನಾನು ನಡಾವಳಿ ಬರೆಯುವವಳು, ಕೈಯಲ್ಲಿ ಪೆನ್ನಿತ್ತು.
ಈ ಮಾತು ಎಷ್ಟು ಅನುಕೂಲದ್ದು ಅಂತ
ಮನೆಗೆ ಹೋಗುವ ಬಸ್ಸಿನಲ್ಲಿ ಹೊಳೆಯಿತು.
ತೊಂಬತ್ತು ಪೌಂಡು ಅಂದರೆ
ಏಳು ಗಂಟೆಯ ನಡಾವಳಿ.

ರಾತ್ರಿ ಟೈಪು ಮಾಡುತ್ತಾ ಆ ಸಾಲಿಗೆ ಬಂದೆ.
ಇಂಗ್ಲಿಷಿಗೆ ಮರಳಿಸಿದೆ: ಬಟ್ಟೆ, ಕೋಟು.
ಹಾಸಿಗೆಯೂ ಹೋಯಿತು, ಕಾಲೂ ಹೋಯಿತು.
ಫ್ರೆಡ್‌ನ ಪಾದದ ಕೆಳಗಿನ ಆ ಕುರ್ಚಿ
'ಶ್ರೀಮತಿ ಹೋಲ್ರಾಯ್ಡ್ ಸ್ವಂತ ಅನುಭವ ಹಂಚಿಕೊಂಡರು'
ಎಂಬಷ್ಟರಲ್ಲಿ ಮಡಚಿಕೊಂಡಿತು.

ನಿರ್ಣಯ: ಮುಂದಿನ ತಿಂಗಳಿಗೆ.
ಸಭೆ ಮುಗಿದದ್ದು ಒಂಬತ್ತೂಕಾಲಿಗೆ.

ಕೊನೆಯಲ್ಲಿ ಕುರ್ಚಿಗಳನ್ನು ಗೋಡೆಗೆ ಒರಗಿಸಿದವರು
ಸಟ್‌ಕ್ಲಿಫ್, ನುಸ್ರತ್, ಆ ಹುಡುಗ.
ಮಡಚುತ್ತಲೂ ಜಗಳ ನಿಂತಿರಲಿಲ್ಲ.
ಅದನ್ನು ಬರೆಯುವ ಪದ್ಧತಿಯಿಲ್ಲ.